ಮೊದಲ ರೂಪಾಯಿ ಯಾವುದಕ್ಕೆ?

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನ ಸನವಳ್ಳಿಗೆ ತನ್ನದೇ ಹೆಸರಿನ ಜಲಾಶಯವಿದೆ. ಮಳೆ ಚೆನ್ನಾಗಿ ಹಿಡಿದ ವರ್ಷ ಅದು ತುಂಬಿ ನಿಂತದ್ದನ್ನು ಕಂಡ ಹೊರಗಿನವರಿಗೆ, ಇಂಥ ಊರಿಗೆ ನೀರಿನ ಚಿಂತೆ ಎಲ್ಲಿಂದ ಬರಬೇಕು ಅನಿಸುವುದು ಸಹಜ. ಆದರೆ ಈ ಭಾಗದ ಯಾವ ಹಳ್ಳಿಗೆ ಹೋದರೂ, ಪಂಚಾಯತಿಗೆ ನಿಂತವರು ಓಟು ಕೇಳಲು ಬಾಗಿಲಿಗೆ ಬಂದಾಗ ಹೆಣ್ಣುಮಕ್ಕಳು ಮೊದಲು ಎತ್ತುವುದು ನಳದ ಮಾತು. "ನಳ ಯಾವ ಹೊತ್ತಿಗೆ ಬರತೈತಿ, ಖರೇ ಹೇಳ್ರಿ ಅಣ್ಣಾ." ಜಲಾಶಯದ ನೀರು ಬೇರೆ, ನಳದ ನೀರು ಬೇರೆ. ದೊಡ್ಡ ಕೆರೆ, ಜಲಾಶಯಗಳ ತೂಬು ನೀರಾವರಿ ಇಲಾಖೆಯ ಕೈಯಲ್ಲಿರುತ್ತದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಸಣ್ಣ ಕೆರೆಗಳಷ್ಟೇ ಪಂಚಾಯತ್ ವ್ಯವಸ್ಥೆಗೆ ಸೇರಿದವು. ಗದ್ದೆಗೆ ನೀರು ಬಿಡಿಸುತ್ತೇನೆ ಎಂದು ಮಾತು ಕೊಡುವ ಅಭ್ಯರ್ಥಿ ತನ್ನ ಕೈಯಲ್ಲಿಲ್ಲದ ಕೀಲಿಯ ಮಾತಾಡುತ್ತಿದ್ದಾನೆ. ನಳದ ಕೀಲಿ ಮಾತ್ರ ನಿಜಕ್ಕೂ ಅವನ ಪಂಚಾಯತಿಯದು.

ಗ್ರಾಮ ಪಂಚಾಯತಿಗೆ ನಿಲ್ಲುವವನು ಆಯವ್ಯಯದಲ್ಲಿ ಯಾವುದನ್ನು ಮೊದಲಿಗೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಪಂಚಾಯತಿಗಳಿಗೆ ಮತದಾನ ನಡೆಯಿತು. ಆಗ ಊರೂರಿನಲ್ಲಿ ಕೇಳಿಬಂದ ಭರವಸೆಗಳನ್ನು ನೆನಪಿಸಿಕೊಳ್ಳಿ: ಸಿಸಿ ರಸ್ತೆ, ಗಟಾರ, ಸಮುದಾಯ ಭವನ, ಮನೆ, ಬೀದಿದೀಪ. ಬಹುಪಾಲು ಹೊಸದಾಗಿ ಕಟ್ಟುವ ಮಾತು. ಕಟ್ಟಿದ್ದನ್ನು ನಡೆಸಿಕೊಂಡು ಹೋಗುವ ಮಾತು ಆಡಿದವರು ಕಡಿಮೆ. ಹಳ್ಳಿಯ ಸೇವೆ ಸೋಲುವುದು ಹೆಚ್ಚಾಗಿ ನಡೆಸುವ ಕಡೆಯಲ್ಲಿ. ಆದ್ದರಿಂದ ಪಂಚಾಯತಿಯ ಮೊದಲ ರೂಪಾಯಿ ದುರಸ್ತಿಗೆ, ನಿರ್ವಹಣೆಗೆ ಹೋಗಬೇಕು, ಅದರಲ್ಲೂ ಮೊದಲು ನೀರಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಅಭಿಪ್ರಾಯಗಳಿಗೂ ಬಲವಾದ ಕಾರಣಗಳಿವೆ. ಅವುಗಳ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಹಣ ಎಲ್ಲಿಂದ ಬರುತ್ತದೆ ನೋಡೋಣ. ಪಂಚಾಯತಿಗೆ ದೊಡ್ಡ ಮೊತ್ತ ಬರುವುದು ಮೇಲಿನಿಂದ. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ನಿರ್ಬಂಧಿತವಾಗಿತ್ತು: ಅದರ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40 ಅನಿರ್ಬಂಧಿತ. ಅದನ್ನು ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಬಳಸುವಂತಿರಲಿಲ್ಲ. ಅಂದರೆ ಹತ್ತು ಲಕ್ಷ ಬಂದರೆ ಮೂರು ಲಕ್ಷ ನೀರಿಗೆ, ಮೂರು ಲಕ್ಷ ನೈರ್ಮಲ್ಯಕ್ಕೆ ಎಂದು ದಿಲ್ಲಿಯಲ್ಲೇ ತೀರ್ಮಾನವಾಗಿ ಬರುತ್ತಿತ್ತು. ಸದಸ್ಯರೆಲ್ಲ ಸೇರಿ ಹಂಚಿಕೊಳ್ಳಬಹುದಾದದ್ದು ನಾಲ್ಕು ಲಕ್ಷ. ರಾಜ್ಯದ ಶಾಸನಬದ್ಧ ಅನುದಾನದ ಬಹುಪಾಲು ಲೈಟ್ ಬಿಲ್ಲಿಗೆ, ಸಿಬ್ಬಂದಿಗೆ ಮುಗಿಯುತ್ತದೆ. ಉದ್ಯೋಗ ಖಾತರಿಯಲ್ಲಿ ಕೂಲಿಗೆ 60, ಸಾಮಗ್ರಿಗೆ 40 ಎಂಬ ಅನುಪಾತ; 2025-26ರಲ್ಲಿ ರಾಜ್ಯದಲ್ಲಿ ದಿನದ ಕೂಲಿ 370 ರೂಪಾಯಿ ಇತ್ತು. ಅಲ್ಲೂ ಜನ ಕೆಲಸ ಕೇಳಿದರಷ್ಟೇ ಹಣ. ಇನ್ನುಳಿದದ್ದು ಪಂಚಾಯತಿಯ ಸ್ವಂತ ದುಡ್ಡು: ಮನೆ ಪಟ್ಟಿ, ನೀರಿನ ಪಟ್ಟಿ, ಅಂಗಡಿ ಲೈಸೆನ್ಸ್, ಮಳಿಗೆಗಳ ಬಾಡಿಗೆ.

ಈ ಸ್ವಂತ ದುಡ್ಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮನೆ ಪಟ್ಟಿ ಕಟ್ಟಿದ ರಶೀದಿ ಮನೆಯಲ್ಲಿದ್ದರೆ ತೆಗೆದು ನೋಡಿ. ತೆರಿಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಕೆಳಗೆ ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಸೇರಿ 170 ರೂಪಾಯಿ ಬರುತ್ತದೆ. ಕಟ್ಟುವವನ ಕೈಯಿಂದ ಹೋಗುವುದು 670, ಪಂಚಾಯತಿಯಲ್ಲಿ ನಿಲ್ಲುವುದು 500. ಆ ಕರಗಳು ಆಯಾ ಉದ್ದೇಶಕ್ಕೆ ಸಲ್ಲಬೇಕಾದವು. ಪಂಚಾಯತಿ ವಸೂಲು ಮಾಡಿ ಮುಂದಕ್ಕೆ ದಾಟಿಸುತ್ತದೆ. ಉಳಿದ 500ರಲ್ಲೂ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿ, ಪಂಗಡದವರ ಏಳ್ಗೆಗೆ, ಶೇ. 5 ಅಂಗವಿಕಲರಿಗೆ ಮೀಸಲು. ಇದು ನ್ಯಾಯವಾದ ಮೀಸಲು, ಕೊಡಲೇಬೇಕಾದದ್ದು. ಇಷ್ಟು ಕಳೆದ ಮೇಲೆ ಒಂದು ಮನೆಯಿಂದ ಊರ ಸಾಮಾನ್ಯ ಕೆಲಸಕ್ಕೆ ಸಿಗುವುದು 350 ರೂಪಾಯಿಯ ಆಸುಪಾಸು. ಒಂದು ವರ್ಷಕ್ಕೆ!

ಇದನ್ನು ಲೆಕ್ಕಹಾಕದೆ ಭರವಸೆ ಕೊಡುವವನು ಜನರಿಗಷ್ಟೇ ಅಲ್ಲ, ತನಗೂ ಮೋಸ ಮಾಡಿಕೊಳ್ಳುತ್ತಾನೆ. ಗೆದ್ದು ಮೊದಲ ಸಭೆಗೆ ಕುಳಿತಾಗ, ನಾನೂರು ಜನರಿಗೆ ಒಬ್ಬರಂತೆ ಆರಿಸಿಬಂದ ಸದಸ್ಯರೆಲ್ಲ ತಮ್ಮ ತಮ್ಮ ವಾರ್ಡಿನ ಚೀಟಿ ಹಿಡಿದಿರುತ್ತಾರೆ. ಕೊನೆಗೆ ಆಗುವುದು ಸಮಪಾಲು: ಅನಿರ್ಬಂಧಿತ ಹಣವನ್ನು ತಲೆಗಿಷ್ಟು ಎಂದು ಹಂಚಿಕೊಂಡು, ಒಬ್ಬೊಬ್ಬರು ಇಪ್ಪತ್ತು ಮೀಟರ್ ಗಟಾರ, ಮೂವತ್ತು ಮೀಟರ್ ಸಿಸಿ ರಸ್ತೆ ಮಾಡಿಸುತ್ತಾರೆ. ಆ ಗಟಾರದ ನೀರು ಮುಂದೆ ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಿರುವುದಿಲ್ಲ. ಮಳೆಗಾಲದಲ್ಲಿ ಅದು ಕೊನೆಯ ಮನೆಯ ಅಂಗಳದಲ್ಲಿ ನಿಲ್ಲುತ್ತದೆ. ಕ್ರಿಯಾ ಯೋಜನೆಯ ನಿಜವಾದ ರೋಗ ಈ ಹಂಚಾಟವೇ. ಹಣದ ಕೊರತೆ ಅದರ ನಂತರದ್ದು.

ಈಗ ನೀರಿಗೆ ಬರೋಣ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಬಂತು. ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಅದರ ಅಳತೆ. ಐದು ಜನರ ಮನೆಗೆ 275 ಲೀಟರ್. ನೂರು ಮನೆಗೆ 27,500 ಲೀಟರ್. ಐವತ್ತು ಸಾವಿರ ಲೀಟರಿನ ಒಂದು ಟ್ಯಾಂಕ್ ತುಂಬಿದರೆ ನೂರೈವತ್ತು, ನೂರೆಂಬತ್ತು ಮನೆಗಳ ದಿನ ಕಳೆಯುತ್ತದೆ. ಲೆಕ್ಕ ಕಷ್ಟದ್ದಲ್ಲ. ಕಷ್ಟ ಇರುವುದು ಟ್ಯಾಂಕನ್ನು ದಿನವೂ ತುಂಬಿಸುವುದರಲ್ಲಿ. ಐದು ಎಚ್‌ಪಿಯ ಒಂದು ಮೋಟಾರು ದಿನಕ್ಕೆ ಎಂಟು ತಾಸು ಓಡಿದರೆ ಸುಮಾರು 30 ಯುನಿಟ್, ತಿಂಗಳಿಗೆ 900 ಯುನಿಟ್ ಕರೆಂಟು ಸುಡುತ್ತದೆ. ಅಂಥ ನಾಲ್ಕೈದು ಮೋಟಾರು ಇರುವ ಪಂಚಾಯತಿಗೆ ಹೆಸ್ಕಾಂ ಬಿಲ್ ಏಕೆ ಬೆಟ್ಟದಷ್ಟು ಬಾಕಿ ನಿಲ್ಲುತ್ತದೆ ಎಂದು ಬೇರೆ ವಿವರಣೆ ಬೇಕಿಲ್ಲ.

ಯೋಜನೆ ಕಟ್ಟಿಕೊಡುತ್ತದೆ. ಕಾಮಗಾರಿ ಮುಗಿದು ಹಸ್ತಾಂತರವಾದ ದಿನದಿಂದ ಅದನ್ನು ನಡೆಸುವ ಹೊಣೆ ಪಂಚಾಯತಿಯದು, ಅದರ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯದು. ಮೋಟಾರು ಸುಟ್ಟ ದಿನವನ್ನು ನೆನೆಸಿಕೊಳ್ಳಿ. ವೋಲ್ಟೇಜ್ ಏರುಪೇರಾಗಿ ವೈಂಡಿಂಗ್ ಹೋಯಿತು. ಬೋರಿನಿಂದ ಪೈಪು ಎತ್ತಲು ಟ್ರೈಪಾಡ್ ಬೇಕು, ನಾಲ್ಕು ಆಳು ಬೇಕು, ಮೋಟಾರನ್ನು ಮುಂಡಗೋಡಕ್ಕೋ ಹುಬ್ಬಳ್ಳಿಗೋ ಒಯ್ಯಬೇಕು. ಪಂಚಾಯತಿಯಲ್ಲಿ ದುರಸ್ತಿಗೆಂದು ಕಟ್ಟಿಟ್ಟ ಹಣ ಇದ್ದರೆ ಎರಡು ದಿನದಲ್ಲಿ ನೀರು ಬರುತ್ತದೆ. ಇಲ್ಲದಿದ್ದರೆ ಕೊಟೇಶನ್, ಠರಾವು, ಮಂಜೂರಾತಿ ಎಂದು ಎರಡು ವಾರ. ಆ ಎರಡು ವಾರ ಕೊಡ ಹೊತ್ತವರು ಯಾರು ಎಂದು ಎಲ್ಲರಿಗೂ ಗೊತ್ತು. ಶಾಲೆಗೆ ಹೋಗಬೇಕಾದ ಹುಡುಗಿ ಕೈಪಂಪಿನ ಮುಂದೆ ಪಾಳಿ ಹಚ್ಚಿ ನಿಂತಿರುತ್ತಾಳೆ. ಹೊಸ ಟ್ಯಾಂಕಿನ ಶಿಲಾಫಲಕದಲ್ಲಿ ಹತ್ತು ಹೆಸರು ಕೆತ್ತಿರುತ್ತದೆ, ಸುಟ್ಟ ಮೋಟಾರಿಗೆ ಮಾತ್ರ ದಿಕ್ಕಿಲ್ಲ. ನಾನು ಅಭ್ಯರ್ಥಿಯಾದರೆ ಮೊದಲ ಠರಾವು ಇದೇ ಆಗಲಿ ಅನ್ನುತ್ತೇನೆ: ಒಂದು ಮೋಟಾರು, ಒಂದು ಸ್ಟಾರ್ಟರ್, ಬೇಕಾಗುವ ವಾಲ್ವುಗಳು ಪಂಚಾಯತಿ ಗೋದಾಮಿನಲ್ಲಿ ಸದಾ ಇರಬೇಕು, ನೀರಿನ ಪಟ್ಟಿಯಿಂದ ಬಂದ ಹಣ ಬೇರೆ ಯಾವುದಕ್ಕೂ ಹೋಗದೆ ಇದಕ್ಕೇ ನಿಲ್ಲಬೇಕು.

ಬರಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮಲೆನಾಡು, ಅರೆಮಲೆನಾಡು ಎಂದು ನಿಶ್ಚಿಂತರಾಗಿರುವ ಕಾಲ ಹೋಯಿತು. ಭತ್ತದ ಜಾಗಕ್ಕೆ ಗೋವಿನಜೋಳ, ಅಡಿಕೆ, ಶುಂಠಿ ಬಂದಂತೆ ಹೊಲದ ಬೋರುಗಳೂ ಹೆಚ್ಚಿವೆ, ಊರ ಬೋರು ಅವುಗಳ ಜೊತೆ ಪೈಪೋಟಿಗೆ ಬಿದ್ದಿದೆ. ಹಳೆಯ ತೆರೆದ ಬಾವಿಯ ಹೂಳು ತೆಗೆಸಲು, ಕೆರೆಗೆ ನೀರು ಬರುವ ಕಾಲುವೆ ಬಿಡಿಸಲು ಉದ್ಯೋಗ ಖಾತರಿಯ ಕೂಲಿ ಹಣ ಹೇಳಿ ಮಾಡಿಸಿದಂಥದ್ದು. ಸಿಮೆಂಟಿನ ಕೆಲಸಕ್ಕಿಂತ ಇದರಲ್ಲಿ ಊರಿನ ಕೈಗೆ ಹೆಚ್ಚು ಕೂಲಿ ಸೇರುತ್ತದೆ.

ರಸ್ತೆಯೇ ಮೊದಲು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಜೋಯಿಡಾ ಕಡೆ ಹೋಗಿ ನೋಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹತ್ತು ಮನೆ ಇಲ್ಲಿ, ಐದು ಮನೆ ಅಲ್ಲಿ ಎಂಬಂತೆ ಚೆದುರಿದ ಊರುಗಳು. ಮಳೆಗಾಲದಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಹೊತ್ತು ಹಳ್ಳ ದಾಟಿಸಬೇಕಾದ ಊರಿಗೆ ಕಾಲುಸಂಕವೇ ಮೊದಲ ಆದ್ಯತೆ, ನಳ ಆಮೇಲೆ. ಮುಂಡಗೋಡ, ಹಳಿಯಾಳ ತಾಲೂಕಿನ ಸಿದ್ದಿಯರ, ಗೌಳಿಗರ ಕೇರಿಗಳ ಪಾಡೂ ಹೆಚ್ಚುಕಡಿಮೆ ಇದೇ. ಇಲ್ಲೆಲ್ಲ ಅಡ್ಡ ಬರುವುದು ಹಣಕ್ಕಿಂತ ಮುಂಚೆ ಅರಣ್ಯ. ಜಿಲ್ಲೆಯ ಬಹುಭಾಗ ಕಾಡು; ಒಂದು ಕಂಬ ನೆಡಲೂ ಒಪ್ಪಿಗೆ ಬೇಕು.

ಈ ಕಗ್ಗಂಟಿಗೆ ಕಾನೂನಿನಲ್ಲೇ ಒಂದು ದಾರಿ ಇದೆ, ಅದರ ಬಗ್ಗೆ ಚುನಾವಣೆಯ ಹೊತ್ತಿನಲ್ಲಿ ಮಾತಾಡುವವರನ್ನು ನಾನು ಹೆಚ್ಚು ಕಂಡಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರಿನ ಪೈಪು, ವಿದ್ಯುತ್ ಮಾರ್ಗ, ಸಣ್ಣ ಕೆರೆ, ರಸ್ತೆ, ಸಮುದಾಯ ಕೇಂದ್ರ ಮೊದಲಾದ ಹದಿಮೂರು ಸೌಲಭ್ಯಗಳಿಗೆ ಅರಣ್ಯಭೂಮಿ ಬಿಟ್ಟುಕೊಡಲು ಅವಕಾಶ ಕೊಡುತ್ತದೆ. ಷರತ್ತು ಮೂರು: ಪ್ರತಿ ಕೆಲಸಕ್ಕೆ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಅದಕ್ಕೆ ಗ್ರಾಮ ಸಭೆಯ ಶಿಫಾರಸು ಇರಬೇಕು. ಗ್ರಾಮ ಸಭೆಯ ಠರಾವು ಅಂದರೆ ಬರೀ ಸಹಿ ಹಾಕುವ ಪುಸ್ತಕ ಎಂದುಕೊಂಡವರು ಈ ಕಲಮನ್ನು ಒಮ್ಮೆ ಓದಬೇಕು. ರಸ್ತೆ ಮಾಡಿಸುತ್ತೇನೆ ಎಂದು ಕೈಮುಗಿಯುವ ಅಭ್ಯರ್ಥಿಗೆ ಮತದಾರರು ಕೇಳಬೇಕಾದ ಪ್ರಶ್ನೆ ಅದು: ಗ್ರಾಮ ಸಭೆಯಲ್ಲಿ ಠರಾವು ಯಾವಾಗ ಮಾಡಿಸುತ್ತೀರಿ?

ಮನೆ ಕೊಡಿಸುವ ಮಾತಿನ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸಬೇಕಾದದ್ದು ಗ್ರಾಮ ಸಭೆ. ಸದಸ್ಯ ಮನೆ 'ಕೊಡುವುದಿಲ್ಲ'. ಅವನು ಪಟ್ಟಿಯನ್ನು ಗೋಡೆಗೆ ಹಚ್ಚಿಸಬೇಕು, ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು, ಸೂರಿಲ್ಲದ ವಿಧವೆಯ ಹೆಸರು ಕೆಳಗೆ, ಮಾಡಿನ ಮನೆಯವನ ಹೆಸರು ಮೇಲೆ ಬಂದಿದ್ದರೆ ಎದ್ದು ನಿಂತು ಕೇಳಬೇಕು. ಇದಕ್ಕೆ ಒಂದು ಪೈಸೆಯ ಅನುದಾನವೂ ಬೇಡ.

ಕಸದ ಮಾತು ಚುಟುಕಾಗಿ. ಸ್ವಚ್ಛ ವಾಹಿನಿ ಗಾಡಿಗಳು ಬಂದಿವೆ, ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯತಿ ಮನೆ ಮನೆಯಿಂದ ಕಸ ತಂದು, ಬೇರ್ಪಡಿಸಿ, ಮಾರಿ ದಾರಿ ತೋರಿಸಿದೆ. ಅಲ್ಲಿ ಕೆಲಸಮಾಡಿದ್ದು ಬಿಡದೆ ದಿನವೂ ಹೋದ ಗಾಡಿ, ಮನೆಯವರು ಕೊಟ್ಟ ಶುಲ್ಕ. ಗಾಡಿ ಇದ್ದೂ ಡೀಸೆಲ್ಲಿಗೆ ಹಣವಿಲ್ಲದೆ ಪಂಚಾಯತಿ ಮುಂದೆ ನಿಂತ ಊರುಗಳಲ್ಲಿ ಕಸ ಕಾಡಂಚಿನ ರಸ್ತೆಗೇ ಹೋಗುತ್ತದೆ, ದನಗಳ ಹೊಟ್ಟೆಗೆ ಹೋಗುತ್ತದೆ. ಬೀದಿದೀಪವೂ ಅದೇ ಕಥೆ: ಹಗಲು ಹನ್ನೊಂದಕ್ಕೂ ಉರಿಯುವ ದೀಪವನ್ನು ಆರಿಸಲು ಒಂದು ಸ್ವಿಚ್ಚು ಸಾಕು, ಆ ಸ್ವಿಚ್ಚಿಗೆ ಒಬ್ಬ ಹೊಣೆಗಾರ ಬೇಕು.

ಹಾಗಾದರೆ ತೆರಿಗೆ? ಇಲ್ಲಿಯೇ ಅಭ್ಯರ್ಥಿಗಳು ಬಾಯಿ ಮುಚ್ಚುವುದು. ಓಟು ಕೇಳುವಾಗ ಪಟ್ಟಿ ಕಟ್ಟಿರಿ ಎನ್ನಲು ಧೈರ್ಯ ಬೇಕು. ಆದರೆ ಅದು ಪಂಚಾಯತಿಯ ಸ್ವಂತ ದುಡ್ಡು ಎಂದು ಮೇಲೆ ಲೆಕ್ಕ ನೋಡಿದೆವು. ನೀರು ಸರಿಯಾಗಿ ಬಂದರೆ ಜನ ಕೊಡುತ್ತಾರೆ ಎಂಬ ನಂಬಿಕೆ ನನ್ನದು. ಕೇಬಲ್ಲಿಗೆ, ಮೊಬೈಲ್ ರೀಚಾರ್ಜಿಗೆ ತಿಂಗಳು ತಿಂಗಳು ಕೊಡುವ ಮನೆಗಳು ನೀರಿಗೆ ಕೊಡದಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ಕೊಟ್ಟದ್ದು ಎಲ್ಲಿ ಹೋಯಿತು ಎಂದು ಯಾರೂ ಹೇಳುವುದಿಲ್ಲ ಎಂಬುದು ದೊಡ್ಡ ಕಾರಣ. ದಾಂಡೇಲಿ, ಗಣೇಶಗುಡಿ ಸುತ್ತಿನ ಪಂಚಾಯತಿಗಳಿಗೆ ರೆಸಾರ್ಟು, ಹೋಮ್‌ಸ್ಟೇಗಳ ಅನುಕೂಲವಿದೆ; ಕಾಳಿ ನದಿಯ ಪ್ರವಾಸೋದ್ಯಮದಿಂದ ಊರಿಗೆ ನ್ಯಾಯವಾಗಿ ಬರಬೇಕಾದ ತೆರಿಗೆ ಬಂದರೆ ಅಲ್ಲಿನ ಆಯವ್ಯಯದ ಸ್ವರೂಪವೇ ಬೇರೆಯಾಗುತ್ತದೆ. ಸನವಳ್ಳಿಯಂಥ ಬೇಸಾಯದ ಊರಿಗೆ ಆ ಬಲವಿಲ್ಲ. ಇಲ್ಲಿ ನೂರು, ಇನ್ನೂರು ರೂಪಾಯಿಗಳನ್ನೇ ಜೋಪಾನ ಮಾಡಬೇಕು. ಅರಣ್ಯ ಅತಿಕ್ರಮಣದ ಜಾಗದಲ್ಲಿ ತಲೆಮಾರುಗಳಿಂದ ಬದುಕಿದವರ ಮನೆಗಳ ದಾಖಲೆ ತೂಗಾಡುತ್ತಲೇ ಇರುವುದೂ ಈ ಜಿಲ್ಲೆಯ ತೆರಿಗೆ ಪುಸ್ತಕದ ಒಂದು ಗಾಯ.

ಅಧಿಕಾರವೇ ಇಲ್ಲದ ಮೇಲೆ ಸದಸ್ಯ ಏನು ಮಾಡಿಯಾನು ಎಂಬ ಆಕ್ಷೇಪ ಹಳೆಯದು, ಗಟ್ಟಿಯದು. ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು 1983ರ ಕಾಯ್ದೆ ತಂದು, 1987ರ ಚುನಾವಣೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕೈಗೆ ಹಣ, ಅಧಿಕಾರಿ ಎರಡನ್ನೂ ಕೊಟ್ಟಾಗ ದೇಶವೇ ಕರ್ನಾಟಕದ ಕಡೆ ತಿರುಗಿ ನೋಡಿತ್ತು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ ಅವರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಸಂವಿಧಾನದ 73ನೇ ತಿದ್ದುಪಡಿ, 1993ರ ನಮ್ಮ ಕಾಯ್ದೆ ಅದರ ಮೇಲೆ ಬಂದವು. ಇಂದಿನ ಸ್ಥಿತಿ ನೋಡಿದರೆ ಸಂಕಟವಾಗುತ್ತದೆ. ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ 2016ರಲ್ಲಿ ಆರಿಸಿಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಗ್ರಾಮ ಪಂಚಾಯತಿ ಸದಸ್ಯೆಯೊಬ್ಬಳು ತನ್ನ ಊರ ಶಾಲೆಯ ಸೋರುವ ಮಾಡಿನ ಬಗ್ಗೆ ಮೇಲೆ ಯಾರನ್ನು ಕೇಳಬೇಕು? ಅಧಿಕಾರಿಗಳಿದ್ದಾರೆ, ಶಾಸಕರಿದ್ದಾರೆ, ನಡುವಿನ ಜನಪ್ರತಿನಿಧಿಯ ಕುರ್ಚಿ ಖಾಲಿ. ಇದನ್ನು ತುಂಬಿಸದೆ ಗ್ರಾಮ ಸ್ವರಾಜ್ಯದ ಮಾತಾಡುವುದು ತಪ್ಪು.

ಕೇರಳ 1996ರಲ್ಲಿ ಜನಕೀಯ ಯೋಜನೆ ಶುರುಮಾಡಿ ರಾಜ್ಯದ ಯೋಜನಾ ವೆಚ್ಚದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಿಂದ ಬಡಾವಣೆ ಬಡಾವಣೆಯ ಸಭೆಯಲ್ಲಿ ಜನರೇ ಆದ್ಯತೆ ಹೇಳುವ ಪದ್ಧತಿ ತಂದಿತು. ನೀರು, ಒಳಚರಂಡಿ, ರಸ್ತೆಗಳಿಗೇ ಅಲ್ಲಿನ ಬಡವರು ಮೊದಲ ಓಟು ಹಾಕಿದರು. ನಮ್ಮ ವಾರ್ಡ್ ಸಭೆ, ಗ್ರಾಮ ಸಭೆಗಳು ಕಾಗದದ ಮೇಲೆ ಅದಕ್ಕಿಂತ ಕಡಿಮೆಯವಲ್ಲ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದು ಕಾನೂನೇ ಹೇಳುತ್ತದೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಸಿ, ಹಿಂದಿನ ವರ್ಷದ ಜಮಾ ಖರ್ಚು, ಕಾಮಗಾರಿ ಎಲ್ಲವನ್ನೂ ಜನರ ಮುಂದೆ ಬಿಚ್ಚಿಡಬೇಕು. ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಪಂಚಾಯತಿಯ ಹೆಸರು ಒತ್ತಿದರೆ ಹಣಕಾಸು ಆಯೋಗದ ದುಡ್ಡಿನ ವಿವರ ಸಿಗುತ್ತದೆ. ಊರಿನ ಪಿಯುಸಿ ಹುಡುಗನ ಮೊಬೈಲಿನಲ್ಲಿ ಐದು ನಿಮಿಷದ ಕೆಲಸ.

ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದು. ಕೊಡ ಹೊತ್ತವರೇ ಆಯವ್ಯಯ ಬರೆಯುವ ಸ್ಥಾನಕ್ಕೆ ಬಂದಿದ್ದಾರೆ. ಗಂಡನೋ ಭಾವನೋ ಹಿಂದೆ ಕುಳಿತು ಸಹಿ ಮಾಡಿಸುವುದು ಇನ್ನೂ ನಿಂತಿಲ್ಲ, ನಿಲ್ಲಬೇಕು. ನೀರು ಯಾವ ಹೊತ್ತಿಗೆ ಬಂದರೆ ಅನುಕೂಲ ಎಂಬುದು ಅವರಿಗೇ ಗೊತ್ತು: ನಸುಕಿನಲ್ಲಿ ಅಡಿಗೆಗೆ ಮುಂಚೆ, ಕೂಲಿಗೆ ಹೋಗುವ ಮುಂಚೆ. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ನಳದ ನೀರು ಗದ್ದೆಯಲ್ಲಿ ನಾಟಿಗೆ ಬಗ್ಗಿದವಳಿಗೆ ಸಿಗುವುದಿಲ್ಲ.

ಗೆದ್ದವರು ಗೆದ್ದ ಮಾರನೆಯ ದಿನ ಹಾರ ಹಾಕಿಸಿಕೊಂಡು ತಿರುಗುವುದಿದೆ, ತಿರುಗಲಿ. ಅದರ ಮುಂದಿನ ದಿನ ನಸುಕಿನ ಐದಕ್ಕೆ ನೀರುಗಂಟಿಯ ಜೊತೆ ಹೊರಡಬೇಕು. ಯಾವ ವಾಲ್ವು ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುತ್ತದೆ ಎಂಬುದು ಎಷ್ಟೋ ಊರಿನಲ್ಲಿ ಅವನೊಬ್ಬನ ತಲೆಯಲ್ಲಿ ಮಾತ್ರ ಇರುತ್ತದೆ, ಯಾವ ನಕ್ಷೆಯಲ್ಲೂ ಇರುವುದಿಲ್ಲ. ಒಂದು ನೋಟುಬುಕ್ಕು ಹಿಡಿದು ಅದನ್ನು ಬರೆದುಕೊಳ್ಳಬೇಕು: ಮಾರುತಿ ಗುಡಿ ಹಿಂದಿನ ವಾಲ್ವು ಸೋರುತ್ತದೆ, ಶಾಲೆ ಹತ್ತಿರದ್ದು ಮಣ್ಣಿನಲ್ಲಿ ಹೂತಿದೆ, ಪ್ಲಾಟಿನ ಕೊನೆಯ ಆರು ಮನೆಗೆ ನೀರು ಏರುವುದಿಲ್ಲ. ಮುಂದಿನ ವಾರ್ಡ್ ಸಭೆಗೆ ತರಬೇಕಾದ ಆಯವ್ಯಯ ಆ ನೋಟುಬುಕ್ಕಿನಲ್ಲೇ ಇರುತ್ತದೆ.